ರಿಪೇರಿಯವನು ಹೇಳದೆ ಬಿಟ್ಟ ಸಾಲು

"ಗುರುಗಳೇ, ನನ್ನ ಹತ್ತಿರ ಕಲಿತವನೊಬ್ಬ ಈಗ ಏನನ್ನೂ ಕೇಳಲು ನನ್ನ ಬಳಿ ಬರುವುದಿಲ್ಲ. ಎದುರಿಗೆ ಸಿಕ್ಕರೆ ಕೈಮುಗಿಯುತ್ತಾನೆ, ಮುಂದಕ್ಕೆ ಹೋಗುತ್ತಾನೆ. ಇದು ಕೃತಘ್ನತೆಯಲ್ಲವೇ?"

ಹೀಗೆ ಕೇಳಿದವನು ಮಡಿವಾಳಯ್ಯ. ಅವನು ಮಠದ ಪಾಠಶಾಲೆಯಲ್ಲಿ ಹುಡುಗರಿಗೆ ವ್ಯಾಕರಣ ಹೇಳಿಕೊಡುತ್ತಿದ್ದ. ಚಿಕ್ಕಂದಿನಲ್ಲಿ ಇದೇ ಗುರುಗಳ ಹತ್ತಿರ ಓದಲು ಬಂದವನು ಓದು ಮುಗಿದ ಮೇಲೂ ಇಲ್ಲಿಯೇ ಉಳಿದಿದ್ದ. ಯಾವ ಸಂಶಯ ಬಂದರೂ ಗುರುಗಳ ಮುಂದೆ ತಂದಿಡುವುದು ಅವನ ರೂಢಿ.

ಮಧ್ಯಾಹ್ನದ ಪಾಠ ಮುಗಿದು ಹುಡುಗರೆಲ್ಲ ಹೊರಗೆ ಹೋಗಿದ್ದರು. ಗುರುಗಳು "ಕೂತುಕೋ" ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರಿಪೇರಿಯವನಿದ್ದ. ಹೆಸರು ನಾಗಲಿಂಗಪ್ಪ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ. ಆಮೇಲೆ ಟಿ.ವಿ. ಬಂತು, ಅದನ್ನೂ ಕಲಿತ. ಕಂಪ್ಯೂಟರು ಬಂತು, ಅದನ್ನೂ ಬಿಚ್ಚಿ ಜೋಡಿಸಿ ಕಲಿತ. ಒಂದು ಕಾಲದಲ್ಲಿ ಅವನ ಅಂಗಡಿಯ ಮುಂದೆ ಜನ ಕಾದು ಕೂರುತ್ತಿದ್ದರು. ಕಾಲ ಬದಲಾಯಿತು. ಕೆಟ್ಟದ್ದನ್ನು ರಿಪೇರಿ ಮಾಡಿಸುವ ಬದಲು ಎಸೆದು ಹೊಸದನ್ನು ಕೊಳ್ಳುವುದು ರೂಢಿಯಾಯಿತು. ಅಂಗಡಿಗೆ ಬರುವವರು ಕಡಿಮೆಯಾದರು. ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದ. ಹೊಟ್ಟೆಗೆ ಬಟ್ಟೆಗೆ ಅವನಿಗೆ ಕೊರತೆ ಇರಲಿಲ್ಲ. ಆದರೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವನನ್ನು ಸಂಜೆ ಮುಚ್ಚುವವರೆಗೆ ಯಾರೂ ಕರೆಯದ ದಿನಗಳಿದ್ದವು. ಆ ಕೊರತೆಯನ್ನು ಅವನು ಯಾರ ಮುಂದೆಯೂ ಆಡಲಿಲ್ಲ.

ಅದೇ ಊರಿನ ಆಚೆ ಕಣ್ಣಿಲ್ಲದ ಹೆಣ್ಣುಮಕ್ಕಳ ಒಂದು ಸಣ್ಣ ಶಾಲೆಯಿತ್ತು. ಮಕ್ಕಳು ಅಲ್ಲಿಯೇ ಉಂಡು, ಮಲಗಿ, ಓದುತ್ತಿದ್ದರು. ಅವರಿಗೆ ಪಾಠ ಹೇಳುತ್ತಿದ್ದ ದಾಕ್ಷಾಯಣಿ ಅಕ್ಕೋರಿಗೂ ಹುಟ್ಟಿದಾಗಿನಿಂದ ಕಣ್ಣಿರಲಿಲ್ಲ. ಯಾರೋ ಪುಣ್ಯಾತ್ಮರು ಆ ಶಾಲೆಗೆ ಒಂದು ಹಳೆಯ ಕಂಪ್ಯೂಟರನ್ನು ದಾನ ಕೊಟ್ಟರು. ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು ಚಿಕ್ಕದು, ಒಂದು ದೊಡ್ಡ ಪುಸ್ತಕದ ಗಾತ್ರದ್ದು. ಅಂಥದ್ದಕ್ಕೆ ನೆಟ್‌ಬುಕ್ ಎನ್ನುತ್ತಾರೆ. ಅದರೊಳಗಿದ್ದ ಹಳೆಯ ವ್ಯವಸ್ಥೆ ಬಹಳ ನಿಧಾನ. ಗುಂಡಿ ಒತ್ತಿ, ಒಂದು ಪಾಠ ಮುಗಿಸಿ ಬಂದರೂ ಅದು ಎದ್ದಿರುತ್ತಿರಲಿಲ್ಲ. ತೆರೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿ ಹೇಳುವ ಗುಣವೂ ಅದಕ್ಕಿರಲಿಲ್ಲ. ಕಣ್ಣಿಲ್ಲದವರ ಕೈಯಲ್ಲಿ ಅದು ಬರೀ ಒಂದು ಡಬ್ಬಿ.

ಅಕ್ಕೋರು ನಾಗಲಿಂಗಪ್ಪನನ್ನು ಕರೆಸಿದರು. ಅವನು ನೋಡಿದ. "ಇದರ ಮೈ ಗಟ್ಟಿ ಐತ್ರಿ ಅಕ್ಕಾರ. ಒಳಗಿಂದು ತೆಗೆದು ಲಿನಕ್ಸ್ ಹಾಕಿದ್ರ ಓಡತೈತಿ, ಓದಿನೂ ಹೇಳತೈತಿ" ಎಂದ.

ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ. ಅದಕ್ಕೆ ಒಬ್ಬ ಒಡೆಯನಿಲ್ಲ. ದೇಶದೇಶಗಳ ಜನ ಸೇರಿ ಕಟ್ಟಿದ್ದಾರೆ. ಯಾರು ಬೇಕಾದರೂ ತಂದು ಹಾಕಿಕೊಳ್ಳಬಹುದು, ಇನ್ನೊಬ್ಬರಿಗೆ ಕೊಡಬಹುದು, ಬೇಕಾದಂತೆ ತಿದ್ದಿಕೊಳ್ಳಬಹುದು. ಊರ ಬಾವಿಯ ಹಾಗೆ.

ನಾಗಲಿಂಗಪ್ಪ ಒಂದು ಪೆನ್‌ಡ್ರೈವಿನಲ್ಲಿ ಅದನ್ನು ತಂದ. ನೆಟ್‌ಬುಕ್ಕಿಗೆ ಚುಚ್ಚಿ ಗುಂಡಿ ಒತ್ತಿದ. ಯಂತ್ರ ಒಮ್ಮೆ ಕೀಂ ಎಂದಿತು. ತೆರೆಯ ಮೇಲೆ ಕೆಲವು ಸಾಲುಗಳು ಮೂಡಿದವು. ಕೊನೆಯಲ್ಲೊಂದು ಸಾಲಿತ್ತು: ಕಣ್ಣು ಕಾಣದವರು ಈ ಸದ್ದು ಕೇಳಿದೊಡನೆ ಇಂಥ ಅಕ್ಷರ ಒತ್ತಿ ಎಂಟರ್ ಒತ್ತಿದರೆ, ಮುಂದಿನ ಪ್ರತಿಯೊಂದನ್ನೂ ಯಂತ್ರವೇ ಓದಿ ಹೇಳುತ್ತದೆ, ತಾವಾಗಿಯೇ ಎಲ್ಲವನ್ನೂ ಹಾಕಿಕೊಳ್ಳಬಹುದು.

ಅವನು ಆ ಸಾಲನ್ನು ಓದಿದ. ಓದಿಕೊಂಡು ಮುಂದಕ್ಕೆ ಹೋದ.

ಪಕ್ಕದಲ್ಲಿ ಅಕ್ಕೋರು ಕೂತಿದ್ದರು. ಸುತ್ತ ಮಕ್ಕಳು ಕೂತಿದ್ದರು. "ಈಗ ಏನ್ ಕೇಳಾಕತ್ತೈತ್ರಿ?" ಎಂದು ಅವರು ಕೇಳಿದರೆ, "ಅದೆಲ್ಲ ನನಗ ಬಿಡ್ರಿ" ಎಂದ. ಮಕ್ಕಳು ಉಸಿರು ಬಿಗಿಹಿಡಿದು ಅವನ ಬೆರಳಿನ ಸದ್ದು ಕೇಳುತ್ತಿದ್ದರು. ಕೆಲಸ ಮುಗಿಯಿತು. ಯಂತ್ರ ಮೊದಲ ಸಲ ಮಾತಾಡಿತು. ದನಿ ಒರಟಾಗಿತ್ತು, ನೆಗಡಿಯಾದವರು ಓದಿದಂತಿತ್ತು. ಆದರೂ ಅದು ಕನ್ನಡವಾಗಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಹುಲಿಗೆಮ್ಮ ಎಂಬ ದೊಡ್ಡ ಹುಡುಗಿ, ಆ ವರ್ಷ ಹತ್ತನೇ ತರಗತಿಗೆ ಕೂರಬೇಕಾದವಳು, ಮುಂದೆ ಬಂದು ಯಂತ್ರದ ಮೈಯನ್ನು ಸವರಿದಳು. ಅಕ್ಕೋರು, "ನಾಗಲಿಂಗಪ್ಪಾರ, ನೀವು ನಮಗ ಕಣ್ಣು ಕೊಟ್ರಿ" ಎಂದರು.

ಅವನು ಪೆನ್‌ಡ್ರೈವನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಅಂಗಡಿಗೆ ಹಿಂದಿರುಗುವಾಗ ಅವನ ಹೆಜ್ಜೆ ಹಗುರವಾಗಿತ್ತು. ಬಹಳ ದಿನಗಳ ಮೇಲೆ ಅವನನ್ನು ಒಬ್ಬರು ಕರೆದಿದ್ದರು.

ಅಂದಿನಿಂದ ಗುರುವಾರ ಗುರುವಾರ ಅವನು ಶಾಲೆಗೆ ಹೋಗತೊಡಗಿದ. ಯಂತ್ರ ಹಳೆಯದು, ಬ್ಯಾಟರಿ ಸತ್ತುಹೋಗಿತ್ತು. ಕರೆಂಟು ಹೋದರೆ ಒಮ್ಮೆಲೇ ಆರುತ್ತಿತ್ತು. ಹಾಗೆ ಆರಿದಾಗ ಕೆಲವು ಸಲ ಮತ್ತೆ ಏಳುತ್ತಿರಲಿಲ್ಲ, ಲಿನಕ್ಸನ್ನು ಹೊಸದಾಗಿ ಹಾಕಬೇಕಾಗುತ್ತಿತ್ತು. ಅವನು ಜೇಬಿನಿಂದ ಪೆನ್‌ಡ್ರೈವ್ ತೆಗೆಯುತ್ತಿದ್ದ, ಹಾಕುತ್ತಿದ್ದ, ಮತ್ತೆ ಜೇಬಿಗೆ ಸೇರಿಸುತ್ತಿದ್ದ. ಅವನು ಗೇಟಿನೊಳಗೆ ಕಾಲಿಟ್ಟರೆ ಸಾಕು, ಹುಲಿಗೆಮ್ಮ ಚಪ್ಪಲಿಯ ಸದ್ದಿನಿಂದಲೇ ಗುರುತು ಹಿಡಿದು "ಕಾಕಾ ಬಂದ್ರು" ಎಂದು ಕೂಗುತ್ತಿದ್ದಳು. ಮಜ್ಜಿಗೆ ಬರುತ್ತಿತ್ತು. ಮಕ್ಕಳು ಮುತ್ತುತ್ತಿದ್ದರು. ಆರು ದಿನ ಸುಮ್ಮನೆ ಕೂತ ಮನುಷ್ಯನಿಗೆ ಏಳನೆಯ ದಿನ ಹಬ್ಬ.

ಪ್ರತಿ ಸಲವೂ ಆ ಸಾಲು ತೆರೆಯ ಮೇಲೆ ಮೂಡುತ್ತಿತ್ತು. ಪ್ರತಿ ಸಲವೂ ಅವನು ಅದನ್ನು ದಾಟುತ್ತಿದ್ದ. ಮೊದಲ ದಿನ, 'ಪಾಪ, ಅವರಿಗೇಕೆ ತೊಂದರೆ' ಎಂದುಕೊಂಡಿದ್ದ. ಆಮೇಲಾಮೇಲೆ ಹಾಗೆ ಅಂದುಕೊಳ್ಳುವುದನ್ನೂ ಬಿಟ್ಟ. ಕಾಲಿಗೆ ರೂಢಿಯಾದ ಹೊಸ್ತಿಲನ್ನು ದಾಟಿದಂತೆ ದಾಟುತ್ತಿದ್ದ.

ಮಾಘ ಮಾಸದಲ್ಲಿ ಸೊಲ್ಲಾಪುರದಿಂದ ಫೋನು ಬಂತು. ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಾಗಲಿಂಗಪ್ಪ ಅಂಗಡಿಗೆ ಬೀಗ ಹಾಕಿ ಓಡಿದ. ಆಸ್ಪತ್ರೆಯ ಬಾಗಿಲಲ್ಲಿ ಕೂತ. ಕೂಸು ಒಂದು ದಿನ ಉಸಿರು ಹಿಡಿದರೆ ಇನ್ನೊಂದು ದಿನ ಬಿಡುವಂತೆ ಕಾಣುತ್ತಿತ್ತು.

ಅಲ್ಲಿರುವಾಗ ದಾಕ್ಷಾಯಣಿ ಅಕ್ಕೋರ ಫೋನು ಬಂತು. ಮೊದಲು ಕೂಸಿನ ಕ್ಷೇಮ ಕೇಳಿದರು. ಆಮೇಲೆ ಹೇಳಿದರು. ಕರೆಂಟು ಹೋಗಿ ನೆಟ್‌ಬುಕ್ ಆರಿದೆ. ಮತ್ತೆ ಎದ್ದಿಲ್ಲ. ಪೇಟೆಯ ಬೇರೆ ಅಂಗಡಿಗೆ ಒಯ್ದರೆ, ಇದು ಎಸೆಯುವ ಮಾಲು, ನಾವು ಕೈ ಹಚ್ಚುವುದಿಲ್ಲ ಎಂದಿದ್ದಾರೆ. ಆ ವರ್ಷ ಸಮಾಜ ವಿಜ್ಞಾನದ ಪಾಠಗಳು ಹೊಸವು. ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಪುಸ್ತಕ ಇನ್ನೂ ಬಂದಿರಲಿಲ್ಲ. ಯಾರೋ ಟೈಪು ಮಾಡಿಕೊಟ್ಟ ಆ ಪಾಠಗಳನ್ನು ಯಂತ್ರವೇ ಓದಿ ಹೇಳಬೇಕಾಗಿತ್ತು. ಪರೀಕ್ಷೆ ಹತ್ತಿರ ಬಂದಿತ್ತು.

ಅಕ್ಕೋರು ಕೇಳಿದರು: "ನಾವ ಏನರ ಮಾಡಬಹುದೇನ್ರಿ? ನೀವು ಹೇಳಿದಂಗ ಮಾಡ್ತೀವಿ."

ನಾಗಲಿಂಗಪ್ಪನಿಗೆ ಆ ಸಾಲು ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಯಾವ ಅಕ್ಷರ ಒತ್ತಬೇಕೆಂಬುದೂ ನೆನಪಾಯಿತು. ಪಕ್ಕದ ಮನೆಯವರ ಹತ್ತಿರ ಅಂಗಡಿಯ ಇನ್ನೊಂದು ಕೀಲಿಕೈ ಇತ್ತು, ಪೆನ್‌ಡ್ರೈವ್ ಮೇಜಿನ ಖಾನೆಯಲ್ಲಿತ್ತು. ಎರಡು ಮಾತು ಹೇಳಿದ್ದರೆ ಸಾಕಿತ್ತು.

"ನಿಮ್ಮ ಕೈಲೆ ಆಗೂದಲ್ಲ ಅಕ್ಕಾರ. ಕೈ ಹಚ್ಚಬ್ಯಾಡ್ರಿ. ನಾ ಬಂದು ಮಾಡಿಕೊಡ್ತೀನಿ" ಎಂದ.

"ಹೂನ್ರಿ. ಕೂಸಿನ್ನ ನೋಡ್ಕೊಳ್ರಿ" ಎಂದು ಅವರು ಫೋನು ಇಟ್ಟರು.

ಅವನು ಕೆಟ್ಟವನಾಗಿದ್ದನೆಂದು ತಿಳಿಯಬೇಡ. ಅವನ ಮನಸ್ಸೆಲ್ಲ ಗಾಜಿನ ಪೆಟ್ಟಿಗೆಯ ಮೇಲಿತ್ತು. ಎರಡು ದಿನದಲ್ಲಿ ಹೋಗಿ ಬಂದರಾಯಿತು ಎಂದೇ ಅಂದುಕೊಂಡಿದ್ದ. ಆದರೆ ಕೂಸಿಗೆ ಜ್ವರ ಬಂತು. ಮಗಳು ಅವನ ಕೈ ಬಿಡಲಿಲ್ಲ. ವಾರ ಕಳೆದು ವಾರ ಬಂತು. ಕೂಸು ಉಳಿಯಿತು. ಅವನು ಊರಿಗೆ ಮರಳಿದಾಗ ಬಿಸಿಲು ಬಲಿತಿತ್ತು, ಪರೀಕ್ಷೆಗಳು ಮುಗಿದಿದ್ದವು.

ಅವನು ಬಸ್ಸಿಳಿದ ಮರುದಿನವೇ ಶಾಲೆಗೆ ಹೋದ. ನೆಟ್‌ಬುಕ್ ಸರಿಮಾಡಿದ. ಯಾರೂ ಅವನನ್ನು ಬೈಯಲಿಲ್ಲ. ಮೊಮ್ಮಗನಿಗೆಂದು ಮಕ್ಕಳು ಕೈಯಾರೆ ಹೆಣೆದ ಒಂದು ಟೊಪ್ಪಿಗೆ ಕೊಟ್ಟರು. ಅಕ್ಕೋರು, "ದೇವರು ದೊಡ್ಡಾಂವ್ರಿ, ಕೂಸು ಉಳೀತು" ಎಂದರು.

ಆಮೇಲೆ ಫಲಿತಾಂಶ ಬಂತು. ಮುಂದಿನ ಗುರುವಾರ ನಾಗಲಿಂಗಪ್ಪ ಗೇಟು ತೆಗೆದು ಒಳಗೆ ಬಂದ. ಯಾರೂ ಕೂಗಲಿಲ್ಲ. ಅವನು ಜಗಲಿಯವರೆಗೆ ಬಂದು ನಿಂತ.

"ಹುಲಿಗೆಮ್ಮ ಎಲ್ಲ್ಯದಾಳ್ರಿ?" ಎಂದು ಕೇಳಿದ.

ಅಕ್ಕೋರು ಹೇಳಿದರು. ಹುಲಿಗೆಮ್ಮ ಉಳಿದೆಲ್ಲ ವಿಷಯದಲ್ಲಿ ಪಾಸಾಗಿದ್ದಳು, ಸಮಾಜ ವಿಜ್ಞಾನದಲ್ಲಿ ನಪಾಸು. ಅಪ್ಪ ಬಂದಿದ್ದ. ಕಣ್ಣಿಲ್ಲದ ಹುಡುಗಿ, ಓದೂ ಹತ್ತಲಿಲ್ಲ, ಇನ್ನು ಮನೆಯಲ್ಲೇ ಇರಲಿ ಎಂದು ಕರೆದುಕೊಂಡು ಹೋದ. ಅವಳು ಹೋಗುವಾಗ ಅಳಲಿಲ್ಲ. ನೆಟ್‌ಬುಕ್ಕಿನ ಮುಚ್ಚಳದ ಮೇಲೆ ಒಮ್ಮೆ ಕೈಯಿಟ್ಟು ಹೋದಳು. "ನೀವರ ಏನ್ ಮಾಡೂದಿತ್ರಿ? ನೀವು ಊರಾಗ ಇರಲಿಲ್ಲ" ಎಂದರು ಅಕ್ಕೋರು.

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಅಂದು ಮಜ್ಜಿಗೆಯನ್ನು ಮುಟ್ಟದೆ ಎದ್ದು ಬಂದ.

ಅಂಗಡಿಯಲ್ಲಿ ಅಂಥದೇ ಇನ್ನೊಂದು ಹಳೆಯ ನೆಟ್‌ಬುಕ್ ಇತ್ತು. ಯಾರೋ ರಿಪೇರಿಗೆ ಕೊಟ್ಟು, ಒಯ್ಯಲು ಬಾರದೆ ಅವನಿಗೇ ಬಿಟ್ಟದ್ದು. ಅದನ್ನು ಮುಂದಿಟ್ಟುಕೊಂಡ. ಪೆನ್‌ಡ್ರೈವ್ ಚುಚ್ಚಿದ. ಕಣ್ಣಿಗೆ ಪಂಚೆಯ ತುಂಡೊಂದನ್ನು ಬಿಗಿಯಾಗಿ ಕಟ್ಟಿಕೊಂಡ. ಗುಂಡಿ ಒತ್ತಿದ. ಕತ್ತಲಲ್ಲಿ ಕಾದ. ಕೀಂ ಎಂದಿತು. ತಡಕಿ ಆ ಅಕ್ಷರ ಒತ್ತಿದ, ಎಂಟರ್ ಒತ್ತಿದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಯಂತ್ರ ಮಾತಾಡತೊಡಗಿತು. ಯಾವ ಭಾಷೆ ಬೇಕು ಎಂದು ಕೇಳಿತು. ಯಾವ ದೇಶ ಎಂದು ಕೇಳಿತು. ಪ್ರತಿಯೊಂದನ್ನೂ ಓದಿತು, ಉತ್ತರ ಬರುವವರೆಗೆ ತಾಳ್ಮೆಯಿಂದ ಕಾದಿತು. ಅವನು ತಪ್ಪು ಒತ್ತಿದರೆ ತಪ್ಪನ್ನೂ ಓದಿ ಹೇಳಿತು. ಕಣ್ಣಿದ್ದವರು ಮಾಡುವುದಕ್ಕಿಂತ ಹೊತ್ತು ಹೆಚ್ಚು ಹಿಡಿಯಿತು, ಅಷ್ಟೇ. ಕೆಲಸ ಪೂರ್ತಿಯಾಯಿತು.

ಅವನು ಕಣ್ಣಿನ ಬಟ್ಟೆ ಬಿಚ್ಚಲಿಲ್ಲ. ಹಾಗೆಯೇ ಕೂತ. ಎಲ್ಲೋ ದೂರ ದೇಶದಲ್ಲಿ, ಅವನು ಕಾಣದ ಯಾರೋ, ಅವರು ಕಾಣದ ದಾಕ್ಷಾಯಣಿಗಾಗಿ, ಹುಲಿಗೆಮ್ಮನಿಗಾಗಿ ಈ ದಾರಿ ಮಾಡಿಟ್ಟಿದ್ದರು. ದಾರಿ ಅವನ ಕೈಯ ಮೂಲಕ ಹಾದು ಹೋಗಬೇಕಿತ್ತು. ಅವನು ಊರ ಬಾವಿಯ ಕಟ್ಟೆಯ ಮೇಲೆ ನಿಂತು, ಹಗ್ಗ ಕೊಡವನ್ನು ತನ್ನ ಬೆನ್ನ ಹಿಂದೆ ಇಟ್ಟುಕೊಂಡು, ಬಂದವರಿಗೆಲ್ಲ ತಾನೇ ನೀರು ಸೇದಿ ಹಾಕಿ, ಪುಣ್ಯವಂತ ಎನ್ನಿಸಿಕೊಂಡಿದ್ದ. ಬಟ್ಟೆ ತೊಯ್ದ ಮೇಲೆ ಬಿಚ್ಚಿದ.

ಮರುದಿನ ಗುರುವಾರವಾಗಿರಲಿಲ್ಲ. ಆದರೂ ಶಾಲೆಗೆ ಹೋದ. ಮಕ್ಕಳು ಊಟಕ್ಕೆ ಕೂತಿದ್ದರು. ಅಕ್ಕೋರು ಒಬ್ಬರೇ ಇದ್ದರು. ಅವನು ನಿಂತುಕೊಂಡೇ ಹೇಳಿದ:

"ಅಕ್ಕಾರ, ಆ ಯಂತ್ರ ಮೊದಲ ದಿನದಿಂದ ನಿಮ್ಮ ಜೋಡಿ ಮಾತಾಡಾಕ ತಯಾರಿತ್ತು. ಲಿನಕ್ಸ್ ಹಾಕೂದನ್ನ ನೀವ ಮಾಡಬಹುದಿತ್ತು. ಒಂದು ಅಕ್ಷರ ಒತ್ತೂದಿತ್ತು, ಅಷ್ಟ. ನನಗ ಗೊತ್ತಿತ್ತು. ನಾ ಹೇಳಲಿಲ್ಲ."

"ಯಾಕ್ರಿ?" ಎಂದರು ಅಕ್ಕೋರು.

"ಹೇಳಿದ್ರ ನೀವು ನನ್ನ ಕರಿಯೂದಿಲ್ಲ ಅಂತ."

ಅವನು ಕ್ಷಮಿಸಿ ಎಂದು ಕೇಳಲಿಲ್ಲ. ಅವರೂ ಕ್ಷಮಿಸಿದೆ ಎನ್ನಲಿಲ್ಲ. "ಹುಲಿಗೆಮ್ಮ ಹೋದ್ಳಲ್ರಿ" ಎಂದರು. ಅಷ್ಟೇ ಅಂದರು. ಅವನು ತಲೆ ತಗ್ಗಿಸಿ ನಿಂತಿದ್ದ. ಅವರಿಗೆ ಅದು ಕಾಣುವಂತಿರಲಿಲ್ಲ.

ಕೊನೆಗೆ ಅಕ್ಕೋರು ಮೇಜಿನ ಮೇಲಿಂದ ನೆಟ್‌ಬುಕ್ ತಂದು ತಮ್ಮ ತೊಡೆಯ ಮೇಲಿಟ್ಟುಕೊಂಡರು. "ಕುಂದರ್ರಿ. ಈಗ ಹೇಳ್ರಿ" ಎಂದರು.

ಅವನು ಕೂತ. ಪೆನ್‌ಡ್ರೈವನ್ನು ಅವರ ಕೈಯಲ್ಲಿಟ್ಟ. ಅದನ್ನು ಎಲ್ಲಿ ಚುಚ್ಚಬೇಕೆಂದು ಅವರು ತಾವೇ ತಡಕಿ ಹುಡುಕಿದರು. ಯಂತ್ರ ಕೀಂ ಎಂದಿತು. ಅಕ್ಷರ ಯಾವುದೆಂದು ಅವನು ಹೇಳಿದ. ಅವನು ಹೇಳಿದ್ದು ಅದೊಂದೇ. ಆಮೇಲೆ ತನ್ನೆರಡು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಯಾಕೆಂದರೆ ಕೈಗಳು ತಾವಾಗಿಯೇ ಮುಂದೆ ಹೋಗುತ್ತಿದ್ದವು. ಅಷ್ಟು ವರ್ಷ ಯಂತ್ರಗಳನ್ನು ಬಿಚ್ಚಿ ಜೋಡಿಸಿದ ಅವನಿಗೆ, ಕೈಕಟ್ಟಿ ಕೂರುವುದಕ್ಕಿಂತ ಕಷ್ಟದ ಕೆಲಸ ಬೇರೆ ಬಂದಿರಲಿಲ್ಲ.

ಯಂತ್ರ ಇಂಗ್ಲಿಷಿನಲ್ಲಿ ಕೇಳುತ್ತ ಹೋಯಿತು. ಅಕ್ಕೋರು ಕಿವಿಗೊಟ್ಟು ಕೇಳಿ ಉತ್ತರಿಸುತ್ತ ಹೋದರು. ಕೆಲವು ಕಡೆ ತಪ್ಪಿದರು, ಹಿಂದೆ ಬಂದರು. ಗುಟ್ಟಿನ ಪದ ಕೊಡು ಎಂದು ಯಂತ್ರ ಕೇಳಿದಾಗ ಅಕ್ಕೋರು ಅವನ ಕಡೆ ಮುಖ ತಿರುಗಿಸಿ, "ಸ್ವಲ್ಪ ಆ ಕಡೆ ನೋಡ್ರಿ" ಎಂದರು. ಅವನು ಗೋಡೆಯ ಕಡೆ ತಿರುಗಿದ. ಇಷ್ಟು ದಿನ ಆ ಗುಟ್ಟಿನ ಪದವೂ ಅವನದೇ ಆಗಿತ್ತು.

ಆಮೇಲೆ ಕಠಿಣವಾದ ಘಟ್ಟ ಬಂತು. ಯಾವ ಡಿಸ್ಕಿನ ಮೇಲೆ ಹಾಕಲಿ ಎಂದು ಯಂತ್ರ ಕೇಳಿತು. ಯಾವುದನ್ನು ಆರಿಸುತ್ತೇವೋ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ನೆಟ್‌ಬುಕ್ಕಿನದೇ ಒಂದು ಡಿಸ್ಕಿತ್ತು. ಇನ್ನೊಂದು ಮಗ್ಗುಲಲ್ಲಿ ಮಕ್ಕಳ ಪಾಠಗಳೆಲ್ಲ ಇದ್ದ ಬೇರೊಂದು ಪೆನ್‌ಡ್ರೈವ್ ಚುಚ್ಚಿಯೇ ಇತ್ತು. ಅಕ್ಕೋರು ಅದನ್ನು ಕೀಳಲು ಮರೆತಿದ್ದರು. ಯಂತ್ರ ಎರಡರ ಹೆಸರನ್ನೂ ಓದಿತು. ಅಕ್ಕೋರು ಗುಂಡಿ ಒತ್ತುತ್ತ ಪಾಠಗಳಿದ್ದ ಹೆಸರಿಗೆ ಬಂದು ನಿಂತರು, ಬೆರಳು ಎಂಟರ್ ಮೇಲಿತ್ತು.

ತಿಂಗಳುಗಟ್ಟಲೆ ಕೂಡಿಟ್ಟ ಪಾಠಗಳು. ಒಂದು ಎಂಟರ್ ಒತ್ತಿದರೆ ಬಯಲು.

ಅಕ್ಕೋರು, "ಇದ ಏನ್ರಿ?" ಎಂದರು.

ಹೌದು ಎನ್ನುವುದಾಗಲಿ, ಅಲ್ಲ ಎನ್ನುವುದಾಗಲಿ ಅವನಿಗೆ ಒಂದು ಮಾತಿನ ಕೆಲಸ. ಆ ಒಂದು ಮಾತು ಆಡಿದರೆ ಮುಂದಿನ ಸಲವೂ ಅವರು ಆ ಮಾತಿಗೆ ಕಾಯುತ್ತಾರೆ, ಅವನು ಸೊಲ್ಲಾಪುರದಲ್ಲಿದ್ದಾಗಲೂ ಕಾಯುತ್ತಾರೆ, ಅವನು ಸತ್ತ ಮೇಲೂ ಕಾಯುತ್ತಾರೆ.

"ನನ್ನ ಕೇಳಬ್ಯಾಡ್ರಿ ಅಕ್ಕಾರ. ಅದನ್ನ ಕೇಳ್ರಿ" ಎಂದ.

ಅಕ್ಕೋರ ಹುಬ್ಬು ಗಂಟಿಕ್ಕಿತು. ಬೆರಳನ್ನು ಹಿಂದಕ್ಕೆ ತೆಗೆದರು. ಮೇಲಿನ ಹೆಸರಿಗೆ ಹೋದರು, ಕೆಳಗಿನದಕ್ಕೆ ಬಂದರು. ಮತ್ತೆ ಮೇಲೆ, ಮತ್ತೆ ಕೆಳಗೆ. ಈ ಸಲ ಹೆಸರಷ್ಟೇ ಅಲ್ಲ, ಹೆಸರಿನ ಹಿಂದೆ ಯಂತ್ರ ಹೇಳುತ್ತಿದ್ದ ಗಾತ್ರವನ್ನೂ ಕೇಳಿಸಿಕೊಂಡರು. ಒಂದು ಬಹಳ ದೊಡ್ಡದು, ಇನ್ನೊಂದು ಸಣ್ಣದು. ಯೋಚಿಸಿದರು. ಮಗ್ಗುಲಿಗೆ ಕೈ ಆಡಿಸಿದರು. ಪಾಠದ ಪೆನ್‌ಡ್ರೈವ್ ಬೆರಳಿಗೆ ಸಿಕ್ಕಿತು. "ಅಯ್ಯ ನನ ಶಿವನ" ಎಂದು ಅದನ್ನು ಕಿತ್ತು ಮಡಿಲಿಗೆ ಹಾಕಿಕೊಂಡರು. ಹಿಂದಿನ ಹೆಜ್ಜೆಗೆ ಹೋಗಿ, ಹೊಸದಾಗಿ ಕೇಳಿ, ಸರಿಯಾದುದನ್ನು ಆರಿಸಿ ಎಂಟರ್ ಒತ್ತಿದರು.

ಇಲ್ಲಿ ಮಡಿವಾಳಯ್ಯ ತಡೆಯಲಾರದೆ ಕೇಳಿದ: "ಗುರುಗಳೇ, ಒಂದು ವೇಳೆ ಆಕೆ ತಪ್ಪನ್ನೇ ಒತ್ತಿದ್ದರೆ? ಮಕ್ಕಳ ಪಾಠ ಹೋಗುತ್ತಿತ್ತಲ್ಲ?"

"ಸೊಲ್ಲಾಪುರದಿಂದ ಬಂದು ಯಂತ್ರ ಸರಿಮಾಡಿದ ದಿನವೇ ಅವನು ಆ ಪಾಠಗಳ ಇನ್ನೊಂದು ಪ್ರತಿ ಮಾಡಿಕೊಂಡಿದ್ದ. ಅದು ಅವನ ಅಂಗಿಯ ಜೇಬಿನಲ್ಲಿತ್ತು. ಅದನ್ನು ಮಾತ್ರ ಅವನು ಹೇಳದೆ ಇದ್ದದ್ದು ಸರಿ" ಎಂದರು ಗುರುಗಳು. ಮತ್ತೆ ಕತೆಗೆ ಬಂದರು.

ಕೆಲಸ ಮುಗಿದಾಗ ಮಕ್ಕಳು ಊಟ ಮುಗಿಸಿ ಬಂದಿದ್ದರು. ಯಂತ್ರ ಮಾತಾಡಿದ್ದನ್ನು ಕೇಳಿ, ರಿಪೇರಿ ಮಾಡಿದ್ದು ಕಾಕಾ ಎಂದುಕೊಂಡರು. "ನಾ ಅಲ್ಲ, ನಿಮ್ಮ ಅಕ್ಕಾರು" ಎಂದ ಅವನು. ಮಕ್ಕಳು ನಂಬಲಿಲ್ಲ. ಆಗ ಅಕ್ಕೋರು, ಅಂದೇ, ಅಳಿಸಿ ಮತ್ತೊಮ್ಮೆ ಹಾಕಿ ತೋರಿಸಿದರು. ಅವನು ಪೆನ್‌ಡ್ರೈವನ್ನು ಅಲ್ಲಿಯೇ ಬಿಟ್ಟು ಎದ್ದ. ಅಂಗಡಿಯಲ್ಲಿದ್ದ ಇನ್ನೊಂದು ನೆಟ್‌ಬುಕ್ಕನ್ನೂ ತಂದುಕೊಟ್ಟ, ಒಳಗೆ ತಾನು ಹಾಕಿದ್ದನ್ನು ಅಳಿಸಿ, ಖಾಲಿಯಾಗಿ.

ಆಮೇಲೆ ಶಾಲೆಯಿಂದ ಕರೆ ಬರಲಿಲ್ಲ.

ಮೊದಲ ಗುರುವಾರ ಅವನು ಅಂಗಿ ಹಾಕಿಕೊಂಡು ಕೂತ. ಹೋಗಲಿಲ್ಲ. ಎರಡನೆಯ ಗುರುವಾರ ಚಪ್ಪಲಿ ಮೆಟ್ಟಿದ, ಗಲ್ಲಿಯ ಕೊನೆಯವರೆಗೆ ಹೋಗಿ ಮರಳಿ ಬಂದ. ಹುಲಿಗೆಮ್ಮನ ಊರಿಗೆ ಹೋಗಿ ಅವಳ ಅಪ್ಪನ ಕೈ ಹಿಡಿದುಕೊಳ್ಳಬೇಕು ಎಂದುಕೊಂಡ. ಯಾವ ಮುಖ ಹೊತ್ತು ಹೋಗಲಿ ಎಂದು ಹಿಂಜರಿದ. ಹೀಗೆ ಮಳೆಗಾಲ ಬಂತು. ಫೋನು ಸದ್ದು ಮಾಡಿದಾಗಲೆಲ್ಲ ಶಾಲೆಯದೇ ಇರಬಹುದೆಂದು ಎತ್ತುತ್ತಿದ್ದ. ಆಗಿರುತ್ತಿರಲಿಲ್ಲ. ಅವರ ಯಂತ್ರ ಕೆಡಲಿ ಎಂದು ಅವನು ಬಯಸಲಿಲ್ಲ. ಆದರೆ ಕೆಟ್ಟಿದೆಯೇನೋ ಎಂಬ ಯೋಚನೆ ಬಂದಾಗ ಅವನ ಎದೆ ಒಂದು ಕ್ಷಣ ಅರಳುತ್ತಿತ್ತು. ಅದು ಅವನಿಗೇ ತಿಳಿಯುತ್ತಿತ್ತು. ತಿಳಿದು ನಾಚುತ್ತಿದ್ದ.

ಶ್ರಾವಣ ಕಳೆದ ಮೇಲೆ ಒಂದು ದಿನ ಅವನು ತಡೆಯಲಾರದೆ ಶಾಲೆಗೆ ಹೋದ. ಗೇಟು ತೆಗೆದ ಕೂಡಲೇ ಒಳಗಿನಿಂದ ದನಿ ಕೇಳಿತು: "ಕಾಕಾ ಬಂದ್ರು!"

ಹುಲಿಗೆಮ್ಮ ಜಗಲಿಯ ಮೇಲೆ ನಿಂತಿದ್ದಳು.

ಅವನು ಕೆಳಗಿನ ಮೆಟ್ಟಿಲ ಮೇಲೆಯೇ ಕೂತ. ಅವಳು ಇಳಿದು ಬಂದು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಬೇಸಗೆಯಲ್ಲಿ ಅಕ್ಕೋರು ಎರಡು ಬಸ್ಸು ಬದಲಿಸಿ ಅವಳ ಊರಿಗೆ ಬಂದಿದ್ದರು, ಒಬ್ಬರೇ, ಕೋಲು ಹಿಡಿದು, ಹೆಗಲಲ್ಲಿ ಆ ಖಾಲಿ ನೆಟ್‌ಬುಕ್ ಹಾಕಿಕೊಂಡು. ಅಪ್ಪ ಬಾಗಿಲಲ್ಲೇ ನಿಲ್ಲಿಸಿ, "ಮತ್ತ ಸಾಲಿ ಸುದ್ದಿ ತೆಗೀಬ್ಯಾಡ್ರಿ" ಎಂದಿದ್ದ. ಅಕ್ಕೋರು ವಾದ ಮಾಡಲಿಲ್ಲ. ಹುಲಿಗೆಮ್ಮನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡರು. ಯಂತ್ರವನ್ನು ಅವಳ ತೊಡೆಯ ಮೇಲಿಟ್ಟರು. ಅಕ್ಷರ ಯಾವುದೆಂದು ಮಾತ್ರ ಹೇಳಿ ಸುಮ್ಮನಾದರು. ಹುಲಿಗೆಮ್ಮ ತಾನೇ ಕೇಳಿ, ತಾನೇ ಒತ್ತಿ, ತಾನೇ ಹಾಕಿದಳು. ಓಣಿಯ ಜನ ಸೇರಿದರು. ಇಂಗ್ಲಿಷಿನಲ್ಲಿ ಏನೋ ಕೇಳುವ ಯಂತ್ರ, ಅದಕ್ಕೆ ಉತ್ತರ ಕೊಡುವ ತನ್ನ ಮಗಳು. ಅಪ್ಪ ಕಂಬಕ್ಕೆ ಒರಗಿ ಕಡೆಯವರೆಗೆ ನಿಂತಿದ್ದ. ಕೆಲಸ ಮುಗಿದು ಯಂತ್ರ ಕನ್ನಡದಲ್ಲಿ ಪಾಠ ಓದತೊಡಗಿದಾಗ, "ಇದನ್ನ ಎಬ್ಬಿಸಿದಾಕಿ ಇಕೀನ ಏನ್ರಿ?" ಎಂದು ಕೇಳಿದ. ಸಂಜೆಗೆ ಅಕ್ಕೋರನ್ನು ಊಟಕ್ಕೆ ನಿಲ್ಲಿಸಿಕೊಂಡ. ಮರುಪರೀಕ್ಷೆಯ ದಿನ ತಾನೇ ಮಗಳನ್ನು ಕರೆತಂದ. ಹುಲಿಗೆಮ್ಮ ಪಾಸಾದಳು. ಈಗ ಶಾಲೆಯಲ್ಲಿದ್ದುಕೊಂಡೇ ಕಾಲೇಜಿಗೆ ಹೋಗುತ್ತಿದ್ದಾಳೆ. ಬಿಡುವಿನಲ್ಲಿ ಚಿಕ್ಕ ಮಕ್ಕಳಿಗೆ ಲಿನಕ್ಸ್ ಹಾಕುವುದನ್ನು ಕಲಿಸುತ್ತಿದ್ದಾಳೆ.

ನಾಗಲಿಂಗಪ್ಪ ಕೇಳುತ್ತ ಕೂತಿದ್ದ. ಮೊದಲು ಅವನ ಮನಸ್ಸಿಗೆ ಬಂದದ್ದು ಇದು: ನನಗೊಂದು ಮಾತು ಹೇಳಲಿಲ್ಲವಲ್ಲ. ಚುಚ್ಚಿದಂತಾಯಿತು. ಆ ನೋವು ಅವನಿಗೆ ಆಗಲಿಲ್ಲವೆಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಆಮೇಲೆ ಹುಡುಗಿಯ ಮುಖ ನೋಡಿದ. ತಾನು ಕೆಡಿಸಿದ್ದು ಸರಿಯಾಗಿತ್ತು. ಸರಿಮಾಡಿದ್ದು ತಾನಲ್ಲ. ಅದನ್ನು ಮೈತುಂಬ ತಿಳಿದುಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಒಳಗಿನಿಂದ ಯಾರೋ "ಹುಲಿಗೆಮ್ಮಕ್ಕಾ" ಎಂದು ಕರೆದರು. ಯಾವುದೋ ಮಗು ನಡುವೆ ಸಿಕ್ಕಿಬಿದ್ದಿತ್ತು. ಹುಲಿಗೆಮ್ಮ ಏಳಲಿಲ್ಲ. ಅಲ್ಲಿಂದಲೇ ಕೂಗಿ ಹೇಳಿದಳು: "ನನ್ನ ಕೇಳಬ್ಯಾಡ, ಅದನ್ನ ಕೇಳು!"

ನಾಗಲಿಂಗಪ್ಪ ಎದ್ದ. ಒಳಗೆ ಹೋಗಿ ಅಕ್ಕೋರಿಗೆ ನಮಸ್ಕಾರ ಹೇಳಿದ. ಕೊಟ್ಟ ಮಜ್ಜಿಗೆ ಕುಡಿದ. ಮನೆಗೆ ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕತೆಯ ತಾತ್ಪರ್ಯ ಹೇಳಲಿಲ್ಲ.

"ಹಾಗಾದರೆ ಗುರುಗಳೇ," ಎಂದು ಮಡಿವಾಳಯ್ಯನೇ ಕೇಳಿದ, "ನನ್ನ ಶಿಷ್ಯ ಬಾರದಿರುವುದಕ್ಕೆ ನಾನು ಬೇಸರ ಪಡಬಾರದೇ? ತಾವೇ ಹೇಳಬೇಕು."

ಗುರುಗಳು ಅವನ ಮುಖವನ್ನೇ ನೋಡಿದರು.

"ಅವನು ನಿನ್ನನ್ನು ಕೇಳಲು ಬರುವುದಿಲ್ಲ, ನೀನು ಇನ್ನೂ ನನ್ನನ್ನು ಕೇಳಲು ಬರುತ್ತೀಯೆ, ನಮ್ಮಿಬ್ಬರಲ್ಲಿ ಚೆನ್ನಾಗಿ ಕಲಿಸಿದವರು ಯಾರು, ಮಡಿವಾಳಯ್ಯ?"